ಆಪ್ತಸಲಹೆ ಪ್ರಕರಣ: ಸೋಮವಾರದ ಮೀಟಿಂಗು, ಅಡವಿನ ಚಿನ್ನದ ನೋಟೀಸು

ಈ ಪ್ರಕರಣ ಬರೀಲಿಕ್ಕೆ ಇದರಲ್ಲಿ ಬರುವ ಇಬ್ಬರದ್ದೂ ಒಪ್ಪಿಗೆ ಉಂಟು. ಊರು, ವಯಸ್ಸು, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ, ಯಾರು ಅಂತ ಹುಡುಕ್ಲಿಕ್ಕೆ ಹೋಗ್ಬೇಡಿ. ಕಾಸರಗೋಡು ಮಂಜೇಶ್ವರ ತಾಲೂಕಿನ ಒಳಗೆ ಎಲ್ಲೋ ಒಂದು ಸರ್ವಿಸ್ ಸಹಕಾರಿ ಬ್ಯಾಂಕು ಅಂತ ಇಟ್ಕೊಳ್ಳಿ. ಬಂದವರು ಅಲ್ಲಿ ಕ್ಲರ್ಕ್ ಆಗಿರುವ ಹೆಂಗಸು, ಕೆಲಸಕ್ಕೆ ಸೇರಿ ತುಂಬ ವರ್ಷ ಆಗಿದೆ. ಹೆಸರು ಬೇಡ, ಅಕ್ಕ ಅಂತಲೇ ಬರೀತೇನೆ.

ಅಕ್ಕ ಬಂದದ್ದು ಕೆಲಸ ಬಿಡುದು ಅಂತ ಗಟ್ಟಿ ಮಾಡಿಕೊಂಡೇ. "ರಾಜೀನಾಮೆ ಬರೆದು ಆಗಿದೆ ಮೇಡಂ, ಕೊಡುವ ಮೊದಲು ಒಮ್ಮೆ ಯಾರತ್ರಾದ್ರೂ ಮಾತಾಡು ಅಂತ ಇವರು ಹೇಳಿದ್ರು" ಅಂದ್ರು. ಆದಿತ್ಯವಾರ ಸಂಜೆ ಆದ ಕೂಡ್ಲೇ ಹೊಟ್ಟೆ ತೊಳೆಸ್ತದೆ, ರಾತ್ರಿ ನಿದ್ರೆ ಇಲ್ಲ, ಸೋಮವಾರ ಬೆಳಿಗ್ಗೆ ಸ್ಟಾಫ್ ಮೀಟಿಂಗಿನ ಹೊತ್ತಿಗೆ ಬಾಯಿ ಒಣಗಿ ಕೈ ತಣ್ಣಗಾಗ್ತದೆ, ಮೀಟಿಂಗು ಮುಗಿದು ಕೌಂಟರಿಗೆ ಬಂದು ಕೂತ್ರೆ ಅರ್ಧ ಗಂಟೆಯಲ್ಲಿ ಎಲ್ಲ ಸರಿ. ನಾನು ಮೊದ್ಲು ಡಾಕ್ಟ್ರತ್ರ ಕಳಿಸಿ ಥೈರಾಯ್ಡು, ರಕ್ತ ಎಲ್ಲ ಟೆಸ್ಟ್ ಮಾಡಿಸಿದೆ, ಯಾಕಂದ್ರೆ ಈ ಪ್ರಾಯದ ಹೆಂಗಸರಿಗೆ ಎದೆ ಡವಡವ ಅಂದ್ರೆ ಅದನ್ನೆಲ್ಲ ಟೆನ್ಶನ್ ಅಂತ ಬಿಡುವ ಹಾಗಿಲ್ಲ. ರಿಪೋರ್ಟು ನಾರ್ಮಲ್. ಮಂಗಳವಾರದಿಂದ ಶನಿವಾರದವರೆಗೆ ಊಟ ಸೇರ್ತದೆ, ಮಕ್ಕಳ ಜೊತೆ ನಗ್ತಾರೆ, ತೋಟದ ಕೆಲಸವೂ ಮಾಡ್ತಾರೆ. ಖಿನ್ನತೆ ಆಗಿದ್ರೆ ಅದು ವಾರ ನೋಡಿ ಬರುದಿಲ್ಲ. ಇದು ಆ ಒಂದು ಕೋಣೆಗೆ ಅಂಟಿಕೊಂಡ ಭಯ ಅಂತ ನನಗೆ ಬೇಗ ಗೊತ್ತಾಯ್ತು.

ಆ ಕೋಣೆಯಲ್ಲಿ ಎಂತ ಆಗ್ತದೆ ಅಂತ ಕೇಳಿದೆ. ಮೊದ್ಲು ಇದ್ದ ಸೆಕ್ರೆಟರಿ, ಅಂದ್ರೆ ಬ್ಯಾಂಕ್ ನಡೆಸುವ ಮುಖ್ಯ ಅಧಿಕಾರಿ, ಊರವರೇ, ತುಳು ಕನ್ನಡ ಎಲ್ಲ ಬೆರೆಸಿ ಮಾತಾಡ್ತಿದ್ರು, ಮೀಟಿಂಗ್ ಅಂತ ಬೇರೆ ಇರ್ಲೇ ಇಲ್ಲ, ಚಾ ಕುಡಿಯುವಾಗ ಮಾತಾಡಿ ಮುಗೀತಿತ್ತು. ಅವರು ರಿಟೈರ್ ಆದ ಮೇಲೆ ಕಣ್ಣೂರು ಕಡೆಯವರು ಬಂದ್ರು. ಚುರುಕು ಮನುಷ್ಯ, ಹೊಸತು ಮಾಡ್ಬೇಕು ಅಂತ ಹುಮ್ಮಸ್ಸು, ಪ್ರತಿ ಸೋಮವಾರ ಎಲ್ಲರನ್ನೂ ಕೂರಿಸಿ ಮಲಯಾಳದಲ್ಲಿ ವೇಗವಾಗಿ ಮಾತಾಡ್ತಾ ಒಬ್ಬೊಬ್ಬರತ್ರ ಐಡಿಯಾ ಹೇಳಿ ಅಂತ ಕೇಳುದು. ಅಕ್ಕನಿಗೆ ಮಲಯಾಳ ಬರುದಿಲ್ಲ ಅಂತ ಅಲ್ಲ. ಕೌಂಟರಲ್ಲಿ ಮಲಯಾಳ, ಬ್ಯಾರಿ, ತುಳು, ಕೊಂಕಣಿ ಬಂದವರಿಗೆ ಬಂದ ಹಾಗೆ ಮಾತಾಡ್ತಾರೆ, ಅದು ನಮ್ಮ ಕಡೆ ದೊಡ್ಡ ವಿಷಯವೂ ಅಲ್ಲ. ಆದ್ರೆ ಕಲ್ತದ್ದು ಪೂರ್ತಿ ಕನ್ನಡ ಮೀಡಿಯಂ, ಮೇಲಿನವರ ಎದುರು ಆಫೀಸಿನ ಮಲಯಾಳದಲ್ಲಿ ಒಂದು ಅಭಿಪ್ರಾಯ ಹೇಳ್ಬೇಕಾದ್ರೆ ಅದು ಮೊದ್ಲು ತಲೆಯೊಳಗೆ ಕನ್ನಡದಲ್ಲಿ ಆಗ್ಬೇಕು, ಅಷ್ಟೊತ್ತಿಗೆ ವಿಷಯ ಮುಂದೆ ಹೋಗಿ ಆಗಿರ್ತದೆ. ಒಮ್ಮೆ ಧೈರ್ಯ ಮಾಡಿ ಸುರು ಮಾಡಿದಾಗ ಯಾರೋ ನಕ್ಕರಂತೆ. ಆಮೇಲೆ ಒಂದು ದಿವಸ ಸೆಕ್ರೆಟರಿ "ಇಲ್ಲಿ ಕೆಲವರಿಗೆ ಹೇಳ್ಲಿಕ್ಕೆ ಏನೂ ಇಲ್ಲ" ಅಂದ್ರಂತೆ. ಹೆಸರು ಹೇಳ್ಲಿಲ್ಲ, ಆದ್ರೆ ಅಕ್ಕನಿಗೆ ಅದು ನೇರ ಎದೆಗೇ ತಾಗಿತು.

ನಾನು ಕೇಳಿದೆ, ನಿಮ್ಮತ್ರ ಹೇಳ್ಲಿಕ್ಕೆ ಏನಾದ್ರೂ ಇತ್ತಾ ಅಂತ. ಅಷ್ಟು ಹೊತ್ತು ಸೆರಗಿನ ತುದಿ ತಿರುಚ್ತಾ ಕೂತಿದ್ದವರು ನೆಟ್ಟಗೆ ಕೂತು ಮಾತಾಡಿದ್ದು ನೋಡ್ಬೇಕಿತ್ತು ನೀವು.

ಚಿನ್ನ ಅಡವು ಇಟ್ಟವರಿಗೆ ಅವಧಿ ಮುಗಿಯುವ ಮೊದ್ಲು ನೋಟೀಸು ಹೋಗ್ತದೆ. ಮಲಯಾಳದಲ್ಲಿ. ಒಳಗಿನ ಊರುಗಳಲ್ಲಿ, ಬಾಯಾರು, ಪೆರ್ಲ, ಮುಳ್ಳೇರಿಯ ಆಚೆ ಈಚೆ ಅಂತ ಇಟ್ಕೊಳ್ಳಿ, ವಯಸ್ಸಾದವರಲ್ಲಿ ಎಷ್ಟೋ ಜನಕ್ಕೆ ಮಲಯಾಳ ಮಾತು ಅರ್ಥ ಆಗ್ತದೆ ಆದ್ರೆ ಅಕ್ಷರ ಬರುದಿಲ್ಲ, ಓದಿದ್ದು ಕನ್ನಡ ಶಾಲೆಯಲ್ಲಿ, ಕೆಲವರು ಓದಿದ್ದೇ ಇಲ್ಲ. ಮಕ್ಕಳು ಮಂಗಳೂರು ಬೆಂಗಳೂರು ಗಲ್ಫ್ ಅಂತ ಹೋಗಿ ಆಗಿದೆ. ಕಾಗದ ಬಂದದ್ದು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಇಡ್ತಾರೆ, ಮಗ ಬಂದಾಗ ಓದ್ಸಿದ್ರಾಯ್ತು ಅಂತ. ಮಗ ಬರುವಾಗ ಚಿನ್ನ ಏಲಂ ಆಗಿರ್ತದೆ. ಒಬ್ಬರು ಅಜ್ಜಿ ತನ್ನ ಕರಿಮಣಿ ಬಿಡಿಸ್ಲಿಕ್ಕೆ ದುಡ್ಡು ಸೆರಗಲ್ಲಿ ಕಟ್ಟಿಕೊಂಡು ಬಂದಿದ್ರಂತೆ, ಅದು ಹೋಗಿ ಆಗಿತ್ತು. ಅವರಿಗೆ ಹೇಳುವ ಕೆಲಸ ಬಂದದ್ದು ಅಕ್ಕನ ಪಾಲಿಗೆ.

ಮತ್ತೊಂದು ಉಂಟು. ಆ ನೋಟೀಸುಗಳಲ್ಲಿ ಜಾಸ್ತಿ ಹೋಗುದು ಆಟಿಯಲ್ಲಿ, ಅಂದ್ರೆ ಜುಲೈ ಆಗಸ್ಟಿನ ಜೋರು ಮಳೆಯ ತುಳು ತಿಂಗಳಲ್ಲಿ. ಯಾಕಂದ್ರೆ ಹಿಂದಿನ ವರ್ಷ ಮಳೆಗಾಲದಲ್ಲಿ, ಮಕ್ಕಳ ಶಾಲೆ ಫೀಸಿಗೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಖರ್ಚಿಗೆ, ಔಷಧಿ ಬಿಡುವವರ ಸಂಬಳಕ್ಕೆ ಅಂತ ಅಡವು ಇಟ್ಟದ್ದು, ವರ್ಷ ತುಂಬುವಾಗ ಪುನಃ ಅದೇ ಮಳೆ, ಅದೇ ಖರ್ಚು, ಕೈಯಲ್ಲಿ ಏನೂ ಇಲ್ಲ. ಅಡಿಕೆ ಒಣಗಿ ಸುಲಿದು ಮಾರಿದ ಮೇಲೆ ಅದೇ ಜನರತ್ರ ದುಡ್ಡು ಇರ್ತದೆ. "ಅವಧಿಯನ್ನ ಆ ಕಡೆಗೆ ತಿರುಗಿಸ್ಲಿಕ್ಕೆ ಆಗುದಿಲ್ವಾ ಮೇಡಂ, ನೋಟೀಸು ಕನ್ನಡದಲ್ಲಿಯೂ ಹಾಕ್ಲಿಕ್ಕೆ ಆಗುದಿಲ್ವಾ, ಒಂದು ತಿಂಗಳು ಮೊದ್ಲು ಫೋನು ಮಾಡಿ ಹೇಳಿದ್ರೆ ಸಾಕು" ಅಂದ್ರು. ಸಾಲ ವಸೂಲಿಯೂ ಆಗ್ತದೆ, ಜನರ ಚಿನ್ನವೂ ಉಳೀತದೆ, ಬ್ಯಾಂಕಿನ ಹೆಸರೂ ಉಳೀತದೆ. ಪ್ರತಿ ವಾರ ಐಡಿಯಾ ಕೇಳುವ ಮೀಟಿಂಗಲ್ಲಿ ಇಷ್ಟು ಒಳ್ಳೇ ವಿಚಾರ ಒಂದು ವರ್ಷದಿಂದ ಇವರ ಹೊಟ್ಟೆಯೊಳಗೇ ಕೂತಿತ್ತು.

ಇಂಥ ಪ್ರಕರಣ ಬಂದ್ರೆ ಜನ ಸಾಮಾನ್ಯವಾಗಿ ಹೇಳುದು, ಕಾನ್ಫಿಡೆನ್ಸ್ ಬೆಳೆಸಿಕೊಳ್ಳಿ, ಸ್ಪೋಕನ್ ಕ್ಲಾಸಿಗೆ ಹೋಗಿ ಅಂತ. ನಾನು ಅದನ್ನ ಒಪ್ಪುದಿಲ್ಲ. ನೋವು ಒಬ್ಬರ ಮೈಯಲ್ಲಿ ಕಾಣ್ತದೆ ಅಂತ ಹೇಳಿ ಅದರ ಕಾರಣವೂ ಅವರೊಳಗೇ ಉಂಟು ಅಂತ ತೀರ್ಮಾನ ಮಾಡಿದ್ರೆ ನಾವು ಆ ವ್ಯಕ್ತಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ. ಅಕ್ಕನಿಗೆ ಅದನ್ನೇ ಹೇಳಿದೆ, ನಿಮ್ಮಲ್ಲಿ ಕೊರತೆ ಇಲ್ಲ, ಆ ಮೀಟಿಂಗ್ ನಡೆಯುವ ಕ್ರಮದಲ್ಲಿ ಉಂಟು, ಕ್ರಮ ಬದಲಾಯಿಸ್ಲಿಕ್ಕೆ ಆಗ್ತದಾ ನೋಡುವ ಅಂತ. ಸೆಕ್ರೆಟರಿಯವರತ್ರ ನಾನು ಮಾತಾಡ್ಬಹುದಾ ಅಂತ ಕೇಳಿದೆ. ತುಂಬ ಯೋಚನೆ ಮಾಡಿ ಒಪ್ಪಿದ್ರು. ಯಾವುದನ್ನ ಹೇಳ್ಬಹುದು, ಯಾವುದನ್ನ ಹೇಳ್ಬಾರ್ದು ಅಂತ ಒಂದು ಕಾಗದದಲ್ಲಿ ಬರೆದುಕೊಂಡೆವು. ನಿದ್ರೆಯ ವಿಷಯ ಬೇಡ, ರಾಜೀನಾಮೆಯ ವಿಷಯ ಬೇಡ, ನೋಟೀಸಿನ ವಿಷಯ ತಾನೇ ಹೇಳ್ತೇನೆ ಅಂದ್ರು. ಆ ಕೊನೆಯ ಮಾತು ಕೇಳಿ ನನಗೆ ನಿಜಕ್ಕೂ ಖುಷಿ ಆಯ್ತು.

ಸೆಕ್ರೆಟರಿ ಸಾರ್ ಬಂದ್ರು. ನಾವು ಮಲಯಾಳದಲ್ಲೇ ಮಾತಾಡಿದ್ದು. ಮೊದಲ ಹತ್ತು ನಿಮಿಷ ಅವರದ್ದು ಒಂದೇ ದೂರು, ಇಲ್ಲಿನ ಸ್ಟಾಫ್ ಸಹಕಾರ ಕೊಡುದಿಲ್ಲ, ಕೇಳಿದ್ರೆ ಕಲ್ಲಿನ ಹಾಗೆ ಕೂರ್ತಾರೆ, ಬೋರ್ಡಿನವರು ಡೆಪಾಸಿಟ್ ಯಾಕೆ ಏರುದಿಲ್ಲ ಅಂತ ತನ್ನನ್ನ ಹಿಡೀತಾರೆ. 2021ರಲ್ಲಿ ತ್ರಿಶೂರು ಜಿಲ್ಲೆಯ ಕರುವನ್ನೂರು ಸಹಕಾರಿ ಬ್ಯಾಂಕಿನ ಸಾಲ ವಂಚನೆಯ ವಿಷಯ ಹೊರಗೆ ಬಂದ ಮೇಲೆ ಕೇರಳದಲ್ಲಿ ಸಹಕಾರಿ ಬ್ಯಾಂಕಲ್ಲಿ ಕೂತವರಿಗೆಲ್ಲ ಜನರ ಪ್ರಶ್ನೆ ಎದುರಿಸುದು ಕಷ್ಟ ಆಗಿದೆ, ಅದು ನಮಗೂ ಗೊತ್ತಿರುವ ಸಂಗತಿ. ಆಮೇಲೆ ಸ್ವಲ್ಪ ಸ್ವರ ತಗ್ಗಿಸಿ ಒಂದು ಮಾತು ಹೇಳಿದ್ರು. ಹೆಂಡ್ತಿ ಮಕ್ಕಳು ಊರಲ್ಲಿ, ಇವರು ಇಲ್ಲಿ ಬಾಡಿಗೆ ರೂಮಲ್ಲಿ. ಬೆಳಿಗ್ಗೆ ಒಳಗೆ ಬರುವಾಗ ಕೌಂಟರಲ್ಲಿ ಎಲ್ಲರೂ ತುಳುವಲ್ಲಿ ಮಾತಾಡಿ ನಗ್ತಾ ಇರ್ತಾರೆ, ಇವರು ಕಾಲಿಟ್ಟ ಕೂಡ್ಲೇ ನಿಲ್ತದೆ. ತನ್ನ ಬಗ್ಗೆಯೇ ನಗುದು ಅಂತ ಇವರ ಲೆಕ್ಕ. ಮಧ್ಯಾಹ್ನ ಊಟ ಒಬ್ಬರೇ ಕ್ಯಾಬಿನಲ್ಲಿ.

ಒಂದೇ ಆಫೀಸಲ್ಲಿ ಇಬ್ಬರು, ಇಬ್ಬರಿಗೂ ಹೊರಗಿನವರಾದ ಭಾವನೆ. ಅಕ್ಕನ ಕಾಗದದಲ್ಲಿ ಇದ್ದದ್ದನ್ನ ಬಿಟ್ಟು ನಾನು ಏನೂ ಹೇಳ್ಲಿಲ್ಲ, ಆದ್ರೆ ಒಂದು ಅಧ್ಯಯನದ ವಿಷಯ ಹೇಳಿದೆ. ಅಮೆರಿಕದ ಏಮಿ ಎಡ್ಮಂಡ್ಸನ್ ಅಂತ ಸಂಶೋಧಕಿ, ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನ ನೋಡ್ತಿದ್ರು. ಒಳ್ಳೇ ಟೀಮಲ್ಲಿ ತಪ್ಪು ಕಮ್ಮಿ ಇರ್ತದೆ ಅಂತ ಅವರ ಎಣಿಕೆ. ಲೆಕ್ಕ ಬಂದದ್ದು ಉಲ್ಟಾ, ಒಳ್ಳೇ ಟೀಮುಗಳಿಂದಲೇ ಹೆಚ್ಚು ತಪ್ಪು ವರದಿ. ವಿಚಾರಿಸಿದಾಗ ಅರ್ಥ ಆಯ್ತು, ಅಲ್ಲಿ ನರ್ಸುಗಳು ಹೆದರದೆ ಬಾಯಿ ಬಿಡ್ತಾರೆ, ಬೇರೆ ಕಡೆ ಮುಚ್ಚಿಡ್ತಾರೆ. 1999ರಲ್ಲಿ ಇದರ ಮುಂದಿನ ಕೆಲಸ ಪ್ರಕಟ ಆಯ್ತು. ತಂಡದೊಳಗೆ ಮಾತಾಡಿದ್ರೆ ಅವಮಾನ ಆಗುದಿಲ್ಲ ಅನ್ನುವ ನಂಬಿಕೆ ಇದ್ರೆ ಕಲಿಯುದೂ ಜಾಸ್ತಿ ಅಂತ ಅದರ ಸಾರ. ಸಾರ್ ಸುಮಾರು ಹೊತ್ತು ಸುಮ್ಮನೆ ಕೂತ್ರು. ಆಮೇಲೆ "ಹಾಗಾದ್ರೆ ನನ್ನ ಮೀಟಿಂಗಲ್ಲಿ ಸಮಸ್ಯೆಯೇ ಬರದೇ ಇದ್ದದ್ದು ಒಳ್ಳೇ ಲಕ್ಷಣ ಅಲ್ಲ ಅಂತಾಯ್ತಾ" ಅಂತ ಕೇಳಿದ್ರು. ಹೌದು ಸಾರ್, ಅಲ್ಲ ಅಂದೆ.

ಅವರಿಗೆ ಕೊಟ್ಟ ಸಲಹೆ ಇಷ್ಟು. ಮೀಟಿಂಗಲ್ಲಿ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ, ಮೊದ್ಲು ಹೇಳಿದ್ರೆ ಉಳಿದವರು ತಲೆ ಅಲ್ಲಾಡಿಸುದು ಮಾತ್ರ. ಸುರುವಿಗೆ ಹತ್ತು ನಿಮಿಷ ಯಾರೂ ಮಾತಾಡುದು ಬೇಡ, ಚೀಟಿಯಲ್ಲಿ ಬರೀಲಿ, ಕನ್ನಡವೋ ಮಲಯಾಳವೋ ಇಂಗ್ಲಿಷೋ ಅವರಿಷ್ಟ, ಹೆಸರು ಬೇಡ. ಇದು ನನ್ನ ಸ್ವಂತ ಉಪಾಯ ಅಲ್ಲ. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಅಂತ ಇಬ್ಬರು ಮನಃಶಾಸ್ತ್ರಜ್ಞರು ತೋರಿಸಿದ್ದಾರೆ, ಗುಂಪಲ್ಲಿ ಕೂತು ಬಾಯಲ್ಲಿ ಹೇಳುವಾಗ ಒಬ್ಬ ಮಾತಾಡಿದ್ರೆ ಉಳಿದವರು ಕಾಯ್ಬೇಕು, ಕಾಯುವಾಗ ಹೊಳೆದದ್ದು ಹೋಗಿ ಬಿಡ್ತದೆ, ಬೇರೆ ಬೇರೆ ಕೂತು ಬರೆದ್ರೆ ಹೆಚ್ಚು ವಿಚಾರ ಬರ್ತದೆ ಅಂತ. ಎರಡನೇ ಭಾಷೆಯಲ್ಲಿ ಯೋಚಿಸುವವರಿಗೆ ಈ ಕಾಯುವ ಕಷ್ಟ ದುಪ್ಪಟ್ಟು ಅಂತ ನಾನು ನೋಡಿದ್ದೇನೆ. ಯಾರಾದ್ರೂ ಕೆಟ್ಟ ಸುದ್ದಿ ತಂದ್ರೆ ಮೊದ್ಲು ಥ್ಯಾಂಕ್ಸ್ ಹೇಳಿ, ಆಮೇಲೆ ಪ್ರಶ್ನೆ. ಮತ್ತೆ ವಾರಕ್ಕೆ ಒಮ್ಮೆಯಾದ್ರೂ ಕ್ಯಾಬಿನ್ ಬಿಟ್ಟು ಕೌಂಟರಿನ ಹಿಂದೆ ಬಂದು ಕೂತು ಜನ ಎಂತ ಹೇಳ್ತಾರೆ ಕೇಳಿ, ಉತ್ತರ ಕೊಡ್ಬೇಡಿ, ಕೇಳಿ ಮಾತ್ರ. ಪ್ರೆಸಿಡೆಂಟರು ಎಲ್ಲರನ್ನೂ ಬೇಕಲಕ್ಕೆ ಒಂದು ದಿವಸ ಟೂರ್ ಕರ್ಕೊಂಡು ಹೋಗುವ ಅಂತ ಹೇಳಿದ್ರಂತೆ. ಹೋಗಿ ಬನ್ನಿ, ಒಳ್ಳೇದೇ, ಆದ್ರೆ ಸೋಮವಾರ ಹಾಗೇ ಇದ್ರೆ ಟೂರಿಂದ ಏನೂ ಆಗುದಿಲ್ಲ ಅಂತ ಹೇಳಿದೆ.

ಅಕ್ಕನಿಗೆ ಬೇರೆ ಕೆಲಸ. ಅವರ ದೂರುಗಳನ್ನ ಎರಡು ಸಾಲಾಗಿ ಬರೆಸಿದೆ, ಕಣ್ಣಿಗೆ ಕಂಡದ್ದು ಒಂದು ಕಡೆ, ಮನಸ್ಸು ಸೇರಿಸಿದ್ದು ಇನ್ನೊಂದು ಕಡೆ. "ಸಾರ್‌ಗೆ ನಮ್ಮನ್ನ ಕಂಡ್ರೆ ಆಗುದಿಲ್ಲ" ಅನ್ನುದು ಎರಡನೇ ಸಾಲಿಗೆ ಹೋಯ್ತು, "ನಾನು ಮಾತು ಸುರು ಮಾಡಿದಾಗ ಸಾರ್ ಫೈಲು ನೋಡ್ತಿದ್ರು" ಅನ್ನುದು ಮೊದಲನೆಯದ್ದಕ್ಕೆ. ಎರಡನೇ ಸಾಲು ಎಷ್ಟು ಉದ್ದ ಆಯ್ತು ಅಂತ ಅವರೇ ನೋಡಿ ಆಶ್ಚರ್ಯಪಟ್ರು. ಸ್ಟಾಫಿನ ಕನ್ನಡ ತುಳುವಿನವರದ್ದು ಬೇರೆಯೇ ಒಂದು ವಾಟ್ಸಾಪ್ ಗ್ರೂಪ್ ಇತ್ತು, ಅದರಲ್ಲಿ ಸಾರ್ ಮಾತಾಡುವ ಧಾಟಿಯನ್ನ ತಮಾಷೆ ಮಾಡುದು. ಬೇಸರ ತೋಡಿಕೊಳ್ಳುವ ಜಾಗ ಬೇಕು, ನಾನು ಬೇಡ ಅನ್ನುದಿಲ್ಲ, ಆದ್ರೆ ಯಾರೋ ನಿಮ್ಮ ಮಲಯಾಳಕ್ಕೆ ನಕ್ಕದ್ದು ನಿಮಗೆ ಇಷ್ಟು ನೋವು ಕೊಟ್ಟಿದೆ, ನೀವು ನಗುವಾಗ ಸಾರ್‌ಗೂ ಹಾಗೇ ಅಲ್ವಾ ಅಂತ ಕೇಳಿದೆ. ಅಕ್ಕ ಉತ್ತರ ಕೊಡ್ಲಿಲ್ಲ. ಗ್ರೂಪಿಂದ ಹೊರಗೆ ಬಂದದ್ದು ಆಮೇಲೆ ಗೊತ್ತಾಯ್ತು. ಮೀಟಿಂಗಿಗೆ ಮೊದ್ಲು ಉಸಿರು ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುದನ್ನ ನಿಧಾನ ಮಾಡ್ಲಿಕ್ಕೂ ಹೇಳಿಕೊಟ್ಟೆ, ಅದು ಮೈಗೆ ಸಮಾಧಾನ.

ಚೀಟಿಯ ಮೀಟಿಂಗ್ ನಡೀತು. ಸಾರ್‌ಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ಕ್ಯಾಶಿಯರ್ ಓದಿ ಹೇಳಿದ್ರು. ನೋಟೀಸಿನ ವಿಷಯ ಬಂತು, ಇದು ನಾನು ಬರೆದದ್ದು ಅಂತ ಅಕ್ಕ ತಾನಾಗಿಯೇ ಹೇಳಿ ಕನ್ನಡ ಮಲಯಾಳ ಬೆರೆಸಿಯೇ ವಿವರಿಸಿದ್ರು. ಆಟಿಯ ಬಡತನದ ಮಾತು ಬಂದಾಗ ಸಾರ್ ಕೂಡ್ಲೇ ಹಿಡಿದುಕೊಂಡ್ರಂತೆ, ಅವರ ಊರಲ್ಲಿಯೂ ಕರ್ಕಿಡಕ, ಆಟಿಯ ಹೊತ್ತಿಗೇ ಬರುವ ಮಲಯಾಳ ತಿಂಗಳು, ಅಂದ್ರೆ ಪಾತ್ರೆ ಖಾಲಿಯಾಗುವ ತಿಂಗಳು, ಅವರ ಅಮ್ಮ ಆ ತಿಂಗಳಲ್ಲೇ ಬಳೆ ಅಡವು ಇಡ್ತಿದ್ರು. ಆದ್ರೆ ನನಗೆ ತುಂಬ ಮೆಚ್ಚುಗೆ ಆದದ್ದು ಇನ್ನೊಂದು ಚೀಟಿ. ದಿನಾ ಬೈಕಲ್ಲಿ ಮನೆ ಮನೆಗೆ ಹೋಗಿ ಡೆಪಾಸಿಟ್ ಕಲೆಕ್ಷನ್ ಮಾಡುವವರು ಒಬ್ಬರು ಇದ್ದಾರೆ, ಇಷ್ಟು ವರ್ಷ ಮೀಟಿಂಗಿಗೆ ಅವರನ್ನ ಯಾರೂ ಕರೆದದ್ದೇ ಇಲ್ಲ, ಸ್ಟಾಫ್ ಅಲ್ಲ ಅಂತ. ಈ ಸಲ ಸಾರ್ ಕರೆದ್ರು. ಅವರು ಬರೆದದ್ದು, ಯಾವ ಮನೆಯಲ್ಲಿ ಓದುವವರು ಇಲ್ಲ ಅಂತ ನನಗೆ ಗೊತ್ತುಂಟು, ಲಿಸ್ಟ್ ಕೊಟ್ರೆ ಹೋಗುವಾಗ ಬಾಯಲ್ಲೇ ಹೇಳಿ ಬರ್ತೇನೆ. ಖರ್ಚು ಇಲ್ಲ, ಆ್ಯಪ್ ಬೇಡ.

ಬೋರ್ಡಲ್ಲಿ ಒಬ್ಬರು ಕನ್ನಡ ನೋಟೀಸು ಯಾಕೆ ಅಂತ ತಕರಾರು ತೆಗೆದ್ರಂತೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡ್ಬಹುದು ಅಂತ ಉಂಟು, ನಮ್ಮ ಮೆಂಬರಿಗೆ ನಾವು ಒಂದು ಕಾಗದ ಕನ್ನಡದಲ್ಲಿ ಬರೆದ್ರೆ ತಪ್ಪೇನು ಅಂತ ವಾದ ಮಾಡಿದ್ದು ಸೆಕ್ರೆಟರಿ ಸಾರೇ. ಈಗ ನೋಟೀಸು ಎರಡೂ ಭಾಷೆಯಲ್ಲಿ ಹೋಗ್ತದೆ, ಹೊಸ ಸಾಲಕ್ಕೆ ಅವಧಿ ಹಾಕುವಾಗ ಅಡಿಕೆ ಮಾರುವ ಸಮಯ ಯಾವಾಗ ಅಂತ ಕೇಳ್ತಾರೆ.

ಎಲ್ಲ ಸುಖಾಂತ ಅಂತ ಅಲ್ಲ. ಕಲೆಕ್ಷನಿನವರನ್ನ ಸಮ ಸಮ ಕೂರಿಸಿದ್ದು ಸೀನಿಯರ್ ಕ್ಲರ್ಕ್ ಒಬ್ಬರಿಗೆ ಇನ್ನೂ ಸರಿಬರ್ಲಿಲ್ಲ. ಚೀಟಿಯಲ್ಲಿ ಯಾರೋ ಸಾರ್ ಬಗ್ಗೆ ಕಟುವಾಗಿ ಬರೆದ ವಾರ ಅವರ ಮುಖ ಕೆಂಪಾಗಿತ್ತಂತೆ, ಆದ್ರೂ ಓದಿಸಿದ್ರು, ಅದು ಸಣ್ಣ ಸಂಗತಿ ಅಲ್ಲ. ಅಕ್ಕನಿಗೆ ಕೆಲವು ಆದಿತ್ಯವಾರ ಈಗಲೂ ಹೊಟ್ಟೆ ತೊಳೆಸ್ತದೆ. ಕೆಲಸ ಬಿಟ್ಟಿಲ್ಲ.

ನಿಮ್ಮ ಮೇಲಿನವರು ಇಷ್ಟು ಕೇಳುವವರು ಅಲ್ಲದಿದ್ರೆ, ಎಷ್ಟೋ ಕಡೆ ಹಾಗೇ ಉಂಟು, ಮೊದ್ಲು ಆಫೀಸಲ್ಲಿ ನಂಬುವ ಒಬ್ಬರನ್ನ ಹಿಡೀರಿ, ಹೇಳ್ಬೇಕಾದ್ದನ್ನ ಇಬ್ಬರೂ ಸೇರಿ ನಿಮ್ಮ ಭಾಷೆಯಲ್ಲೇ ಅರ್ಧ ಪುಟ ಬರೆದು ತಾರೀಕು ಹಾಕಿ ಕೊಡಿ, ಬಾಯಲ್ಲಿ ಹೇಳುದಕ್ಕೆ ಕಾಯ್ಬೇಡಿ. ನಿದ್ರೆ ಊಟ ಎರಡು ವಾರಕ್ಕಿಂತ ಜಾಸ್ತಿ ತಪ್ಪಿದ್ರೆ ಅದನ್ನ ಆಫೀಸಿನ ವಿಷಯ ಅಂತ ತಳ್ಳದೆ ಡಾಕ್ಟ್ರತ್ರ ಹೋಗಿ, ಇಲ್ಲದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಇಲ್ಲ, ರಾತ್ರಿ ಹಗಲು ಉಂಟು, ಅದರ ಭಾಷೆಗಳಲ್ಲಿ ಕನ್ನಡವೂ ಉಂಟು.