ಕುಮಟಾ ಹತ್ತಿ ಕುಮಟಾದ್ದಲ್ಲ

ಅಣ್ಣಿಗೇರಿಯ ಓದುಗರೊಬ್ಬರ ಪತ್ರ: ‘ನಮ್ಮ ಮುತ್ತಜ್ಜನ ಕಿರ್ದಿ (ದಿನದ ಲೆಕ್ಕ) ಪುಸ್ತಕದಲ್ಲಿ “ಕುಮಟಾ ಹತ್ತಿ” ಅಂತ ಬರೆದಿದೆ. ಅಷ್ಟು ಮಳೆ ಬೀಳುವ ಕರಾವಳಿಯಲ್ಲಿ ಹತ್ತಿ ಬೆಳೀತಿದ್ರಾ?’

ಇಲ್ಲ. ಅದು ನಿಮ್ಮ ಕಡೆಯದೇ, ಧಾರವಾಡ-ಗದಗ ಸೀಮೆಯ ಎರೆಹೊಲದ (ಕಪ್ಪು ಮಣ್ಣಿನ ಹೊಲದ) ಜವಾರಿ, ಅಂದರೆ ನಾಟಿ ತಳಿಯ, ಹತ್ತಿ. ಕುಮಟಾ ಬಂದರಿನಿಂದ ಹಾಯಿ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿನ ವ್ಯಾಪಾರಿಗಳು ನಮ್ಮ ಹೊಲ ಎಲ್ಲಿ ನೋಡಿದ್ದರು? ಸರಕು ಹಡಗು ಹತ್ತಿದ ಊರಿನ ಹೆಸರೇ ಸರಕಿಗೂ ಬಂತು.

ಕುಮಟಾಕ್ಕೆ ಹೋಗುವ ಆ ದಾರಿ ಸುಲಭ ಇರಲಿಲ್ಲ. ಹತ್ತಿಯ ಅಂಡಿಗೆ (ದೊಡ್ಡ ಮೂಟೆ) ಹೇರಿದ ಚಕ್ಕಡಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿಯಬೇಕು. ಹತ್ತಿಗೆ ತೂಕ ಕಡಿಮೆ, ಗಾತ್ರ ಜಾಸ್ತಿ. ಜವಾರಿ ಹತ್ತಿ ಬಿಡಿಸುವುದೇ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಆಮೇಲೆ ಕಾಳು ಬೇರೆ ಮಾಡಿ, ಅಂಡಿಗೆ ಕಟ್ಟಿ, ಮಳೆ ಹಿಡಿಯುವ ಮೊದಲು ಬಂದರು ಮುಟ್ಟಿಸಬೇಕು. ತಡವಾದರೆ ಘಟ್ಟದಲ್ಲಿ ಕೆಸರು, ಸಮುದ್ರದಲ್ಲಿ ಅಲೆ.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ನಿಂತು, ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ದರ ಏರಿತು, ಜೊತೆಗೆ ಕಲಬೆರಕೆಯೂ. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತಂದಿತು. ‘ಹಿಂದಿನವರು ಸಾಚಾ’ ಅನ್ನುವವರಿಗೆ ಇದನ್ನೊಮ್ಮೆ ಹೇಳಿ!

1862ರಲ್ಲಿ ಕುಮಟಾ ಇರುವ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ಸರ್ಕಾರದ ಒಲವು ಕಾರವಾರ ಬಂದರಿನ ಕಡೆ ಹೋಯಿತು. 1880ರ ದಶಕದಲ್ಲಿ ನಮ್ಮ ಕಡೆ ರೈಲು ಬಂದು, ಗೋವಾದ ಮರ್ಮಗೋವಾ ಬಂದರಿಗೆ ದಾರಿ ಆಯಿತು. ಕುಮಟಾಕ್ಕೆ ಹೋಗುವ ಚಕ್ಕಡಿಗಳು ಕಡಿಮೆಯಾದವು. ಹೆಸರು ಮಾತ್ರ ಹೋಗಲಿಲ್ಲ. ರೈಲು ಹತ್ತಿದ ಹತ್ತಿಗೂ ಕುಮಟಾ ಹತ್ತಿ ಅಂತಲೇ ಅನ್ನುತ್ತಿದ್ದರು.

ಹಾಗಾದರೆ ಕುಮಟಾದವರು ಬೆಳೆಯುವುದೇನು? ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಉಪ್ಪುನೀರಿನ ಗಜನಿ ಗದ್ದೆಗಳಿವೆ. ಮಾಣಿಕಟ್ಟಾ ಕಡೆ ಅಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ತಡೆದುಕೊಳ್ಳುತ್ತದೆ, ನೆರೆ ತಡೆದುಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಒಂದೇ ಗದ್ದೆ, ಅನ್ನವೂ ಸಾರೂ.

ಅಳ್ವೆಕೋಡಿ, ಹಂದಿಗೋಣದ ಸಿಹಿ ಈರುಳ್ಳಿಯೂ ಇದೆ. ಬೇಸಿಗೆಯಲ್ಲಿ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿರುತ್ತಾರೆ. ನಾನೊಮ್ಮೆ ಒಂದು ಜಡೆ ಹುಬ್ಬಳ್ಳಿಗೆ ತಂದು ರೊಟ್ಟಿ ಜೊತೆ ಇಟ್ಟೆ. ‘ಇದೇನ್ ಉಳ್ಳಾಗಡ್ಡಿರಿ, ಕಣ್ಣಾಗ ನೀರೇ ಬರೂದಿಲ್ಲ’ ಅಂದರು ಮನೆಯವರು.

ಅಂದಹಾಗೆ, ಆ ಕಿರ್ದಿಯಲ್ಲಿ ಚಕ್ಕಡಿ ಬಾಡಿಗೆ ಎಷ್ಟು ಅಂತ ಬರೆದಿದೆಯಾ? ಇದ್ದರೆ ಆ ಪುಟದ ಫೋಟೊ ಕಳಿಸಿಕೊಡಿ.

— ಸಂಪಾದಕ