‘ಗೋ’ಗೆ ‘ವೆಂಟ್’ ಎಲ್ಲಿಂದ ಬಂತು?

ಪ್ರಶ್ನೆ: ಐದನೇ ಕ್ಲಾಸಿನ ಮಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ‘ಗೋ’ಗೆ ಭೂತಕಾಲ ‘ಗೋಡ್’ ಅಂತ ಯಾಕಾಗಲ್ಲ, ‘ವೆಂಟ್’ ಯಾಕೆ ಎಂದು ಕೇಳಿದಳು. ಏನು ಹೇಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮಗಳ ಅನುಮಾನ ಸರಿಯಾಗಿಯೇ ಇದೆ. ‘ವೆಂಟ್’ಗೂ ‘ಗೋ’ಗೂ ಹುಟ್ಟಿನಿಂದ ಸಂಬಂಧವೇ ಇಲ್ಲ. ಅದು ‘ವೆಂಡ್’ ಎಂಬ ಬೇರೆ ಕ್ರಿಯಾಪದದ ಭೂತಕಾಲ. ತಿರುಗು, ದಾರಿ ಹಿಡಿದು ಸಾಗು ಎಂದು ಅದರ ಅರ್ಥ. ‘ಸೆಂಡ್–ಸೆಂಟ್’, ‘ಬೆಂಡ್–ಬೆಂಟ್’ ಪಕ್ಕದಲ್ಲಿ ‘ವೆಂಡ್–ವೆಂಟ್’ ಬರೆದು ತೋರಿಸಿ. ಅವಳಿಗೆ ತಟ್ಟನೆ ಹೊಳೆಯುತ್ತದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಹೋದ’ ಅನ್ನಲು ‘ಏಓಡೆ’ ಎನ್ನುತ್ತಿದ್ದರು. ಚೆಂದದ ಸಂಗತಿ ಏನೆಂದರೆ, ಅದೂ ‘ಗೋ’ದಿಂದ ಹುಟ್ಟಿದ್ದಲ್ಲ! ಆ ಕಾಲದಲ್ಲೇ ಈ ಕ್ರಿಯಾಪದಕ್ಕೆ ಸ್ವಂತ ಭೂತಕಾಲ ಇರಲಿಲ್ಲ. ಬರಬರುತ್ತಾ ‘ಏಓಡೆ’ ಮೂಲೆ ಸೇರಿತು. 15ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ‘ವೆಂಟ್’ ಅದರ ಜಾಗಕ್ಕೆ ಬಂದು ಕೂತಿತು. ಸ್ಕಾಟ್ಲೆಂಡಿನವರ ನುಡಿ ಮಾತ್ರ ನಿಮ್ಮ ಮಗಳ ದಾರಿ ಹಿಡಿಯಿತು. ಅಲ್ಲಿ ‘ಗೇ’ ಅಂದರೆ ಹೋಗು, ‘ಗೇಡ್’ ಅಂದರೆ ಹೋದ. ಇತ್ತ ‘ವೆಂಟ್’ ಕಳೆದುಕೊಂಡ ‘ವೆಂಡ್’ಗೆ ‘ವೆಂಡೆಡ್’ ಎಂಬ ಹೊಸ ರೂಪ ಬಂತು. ಈಗ ಅದು ಕಥೆ, ಬರಹಗಳಲ್ಲಿ ಕಂಡರೆ ಕಂಡೀತು, ಅಷ್ಟೇ.

‘ವೆಂಟ್’ ಬಾಯಿಪಾಠವಾದರೆ ಸಾಕು. ನನ್ನ ಪ್ರಕಾರ ಜಾಸ್ತಿ ಗಮನ ಕೊಡಬೇಕಾದ್ದು ‘ಗಾನ್’ಗೆ. ನಮ್ಮವರು ಎಡವುವುದು ಅಲ್ಲೇ. ‘ಹೀ ಹ್ಯಾಸ್ ಗಾನ್ ಟು ಮೈಸೂರು’ ಅಂದರೆ ಅವರು ಮೈಸೂರಿಗೆ ಹೋಗಿದ್ದಾರೆ, ಇನ್ನೂ ವಾಪಸ್ ಬಂದಿಲ್ಲ. ಹೋಗಿ ಬಂದಾಗಿದ್ದರೆ ‘ಹೀ ಹ್ಯಾಸ್ ಬೀನ್ ಟು ಮೈಸೂರು’ ಎನ್ನಬೇಕು. ಕನ್ನಡದಲ್ಲಿ ‘ನಾನೂ ಮೈಸೂರಿಗೆ ಹೋಗಿದ್ದೀನಿ’ ಅಂತ ಎದುರಿಗೆ ಕೂತೇ ಹೇಳಬಹುದು, ಅಲ್ವಾ? ಅದನ್ನೇ ‘ಐ ಹ್ಯಾವ್ ಗಾನ್’ ಎಂದು ತಿರುಗಿಸಿದರೆ, ಎದುರಿಗೆ ಕೂತವರು ಇನ್ನೂ ಮೈಸೂರಿನಲ್ಲೇ ಇದ್ದಾರೆ ಎಂದಾಗುತ್ತದೆ. ‘ಬೀನ್’ ಹೇಳಿಕೊಡಿ.

ಇನ್ನೊಂದು ವಿಷಯ. ‘ಹಾಲು ಕೆಟ್ಟುಹೋಯಿತು’ ಅನ್ನುತ್ತೇವೆ. ಇಂಗ್ಲಿಷಿನವರೂ ‘ದ ಮಿಲ್ಕ್ ಹ್ಯಾಸ್ ಗಾನ್ ಬ್ಯಾಡ್’ ಅನ್ನುತ್ತಾರೆ. ಎರಡು ಕಡೆಯೂ ಹಾಲು ಎಲ್ಲಿಗೂ ಹೋಗಿಲ್ಲ, ಹಾಳಾಗಿದೆ ಅಷ್ಟೇ. ಹಾಗಂತ ನಮ್ಮ ‘ಹೋಯಿತು’ ಬಂದಲ್ಲೆಲ್ಲ ‘ಗೋ’ ತರುವಂತಿಲ್ಲ. ‘ಲೋಟ ಒಡೆದುಹೋಯಿತು’ ಅನ್ನಲು ‘ದ ಗ್ಲಾಸ್ ಬ್ರೋಕ್’ ಸಾಕು.