ಕಾಲೇಜು ಬಿಡುವ ಮಾತು ಆಮೇಲೆ, ಮೊದಲು ಷೇರಿನ ಮಾತು ಮುಗಿಸಿ

ಇಪ್ಪತ್ತರ ವಯಸ್ಸಿನಲ್ಲಿ ಕಾಲೇಜು ಬಿಟ್ಟು ಗೆಳೆಯನ ಜೊತೆ ಸ್ಟಾರ್ಟಪ್ ಶುರು ಮಾಡಲಾ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿದವನು. ಕಂಪನಿ ಮುಚ್ಚಿತು. ವಯಸ್ಸು ಸಾಲದೆ ಅಲ್ಲ, ಡಿಗ್ರಿ ಇಲ್ಲದೆಯೂ ಅಲ್ಲ.

ನಾವಿಬ್ಬರೂ ಒಂದೇ ಕ್ಲಾಸಿನವರು. ಸಣ್ಣ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಆ್ಯಪ್ ಮಾಡಿದ್ದೆವು. ನಾನು ಕೋಡ್ ಬರೆಯುತ್ತಿದ್ದೆ, ಅವನು ಗ್ರಾಹಕರನ್ನು ಹಿಡಿದು ತರುತ್ತಿದ್ದ. ದುಡ್ಡು ಕೊಟ್ಟು ಬಳಸುವವರೂ ಇದ್ದರು. ನೋಂದಣಿ ಮಾಡಿಸುವಾಗ ಷೇರು ಅರ್ಧರ್ಧ ಅಂತ ಬರೆಸಿಬಿಟ್ಟೆವು. ಗೆಳೆಯರ ಮಧ್ಯೆ ಏನು ಲೆಕ್ಕ, ಅಲ್ವಾ?

ವರ್ಷ ತುಂಬುವ ಮೊದಲೇ ಅವನಿಗೆ ಒಳ್ಳೆಯ ಕೆಲಸ ಸಿಕ್ಕಿತು, ಹೋದ. ಜಗಳ ಆಗಲಿಲ್ಲ. ಅವನ ಮನೆಯಲ್ಲಿ ಕಷ್ಟ ಇತ್ತು, ಅವನನ್ನು ಇವತ್ತಿಗೂ ದೂರುವುದಿಲ್ಲ. ಆದರೆ ಅರ್ಧ ಕಂಪನಿ ಅವನ ಹೆಸರಲ್ಲೇ ಉಳಿಯಿತು.

ಅದರ ಬಿಸಿ ತಟ್ಟಿದ್ದು ಹೂಡಿಕೆದಾರರ ಮುಂದೆ ಕೂತಾಗ. ಆ್ಯಪ್ ಅವರಿಗೆ ಹಿಡಿಸಿತ್ತು. ಯಾರ ಹತ್ತಿರ ಎಷ್ಟು ಷೇರು ಇದೆ ಅನ್ನುವ ಪಟ್ಟಿ ನೋಡಿದ ಮೇಲೆ ಮಾತು ನಿಂತಿತು. ಹೊಸಬರು ದುಡ್ಡು ಹಾಕಿದರೆ ಹೊಸ ಷೇರು ಹುಟ್ಟುತ್ತದೆ, ಹಳಬರ ಪಾಲು ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಅಂದರೆ ಹಗಲು ರಾತ್ರಿ ದುಡಿಯುವ ನನ್ನ ಪಾಲೂ ಬಿಟ್ಟು ಹೋದವನ ಪಾಲೂ ಯಾವಾಗಲೂ ಸಮ. ಹೊಸ ಜೊತೆಗಾರನನ್ನು ಕರೆತರೋಣ ಅಂದರೆ ಅವನಿಗೆ ಷೇರು ಕೊಡಲು ಗೆಳೆಯನ ಒಪ್ಪಿಗೆಯೂ ಬೇಕು. ವಾಪಸ್ ಕೊಡು ಅಂತ ಕೇಳಿದೆ. ಅವನು ಹೇಳಿದ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ.

ಇದಕ್ಕೆ ಮದ್ದು ಆಗಲೂ ಇತ್ತು, ವೆಸ್ಟಿಂಗ್ ಅಂತ. ಷೇರು ಮೊದಲ ದಿನವೇ ಪೂರ್ತಿ ನಿಮ್ಮದಾಗುವುದಿಲ್ಲ, ದುಡಿದಷ್ಟು ನಿಮ್ಮದಾಗುತ್ತದೆ. ಸಾಮಾನ್ಯವಾಗಿ 4 ವರ್ಷದ ಲೆಕ್ಕ, ಅದರಲ್ಲಿ ಮೊದಲ 1 ವರ್ಷ ಕ್ಲಿಫ್. ವರ್ಷದೊಳಗೆ ಬಿಟ್ಟರೆ ಏನೂ ಇಲ್ಲ. ವರ್ಷ ತುಂಬಿದ ದಿನ ಕಾಲು ಭಾಗ ಸಿಗುತ್ತದೆ, ಆಮೇಲೆ ತಿಂಗಳಿಗೆ 48ರಲ್ಲಿ 1 ಭಾಗ. 18 ತಿಂಗಳಿಗೆ ಬಿಟ್ಟರೆ ಅವನ ಪಾಲಿನ 37.5% ಅವನಿಗೆ, ಉಳಿದದ್ದು ಕಂಪನಿಗೆ ವಾಪಸ್. ನಮ್ಮ ಒಪ್ಪಂದದಲ್ಲಿ ಈ ಷರತ್ತು ಇದ್ದಿದ್ದರೆ ಅವನು ನೆಮ್ಮದಿಯಾಗಿ ಹೋಗುತ್ತಿದ್ದ, ನಾನು ನೆಮ್ಮದಿಯಾಗಿ ಮುಂದುವರಿಯುತ್ತಿದ್ದೆ. ಆಮೇಲೆ ನಮ್ಮ ಗೆಳೆತನವೂ ಮೊದಲಿನ ಹಾಗೆ ಉಳಿಯಲಿಲ್ಲ. ಕಂಪನಿ ಹೋಗಿದ್ದಕ್ಕಿಂತ ನನಗೆ ಜಾಸ್ತಿ ನೋವಾಗಿದ್ದು ಅದು.

ಹಾಗಾಗಿ ಕಾಲೇಜು ಬಿಡಲಾ ಬೇಡವಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಈಗಲೇ ಶುರು ಮಾಡದಿದ್ದರೆ ಕಾಲ ಮೀರಿತು ಅನ್ನುವ ಗಡಿಬಿಡಿ ಅದರಲ್ಲಿದೆ. ಜುಕರ್‌ಬರ್ಗ್ 19ಕ್ಕೇ ಫೇಸ್‌ಬುಕ್ ಶುರು ಮಾಡಿದ್ದು ನಿಜ. ಆದರೆ ಅಮೆರಿಕದ ಜನಗಣತಿ ದಾಖಲೆಗಳನ್ನು ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ನೋಡಿದಾಗ, ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳ ಸ್ಥಾಪಕರಿಗೆ ಶುರು ಮಾಡುವಾಗ ಸರಾಸರಿ 45 ವರ್ಷ ಆಗಿತ್ತು. ಸಮಯ ಇದೆ. ಓದುತ್ತಲೇ ಮೊದಲ ಗ್ರಾಹಕರನ್ನು ಹುಡುಕಿ. ಕಾಲೇಜು ರಜೆ ಕೊಡುವುದಾದರೆ ರಜೆ ತಗೊಳ್ಳಿ, ಬಿಡಬೇಡಿ.

ಈ ವಾರವೇ ಗೆಳೆಯನನ್ನು ಕೂರಿಸಿಕೊಂಡು ಕೇಳಿ: ನಮ್ಮಲ್ಲಿ ಒಬ್ಬರು ಮಧ್ಯದಲ್ಲೇ ಬಿಟ್ಟರೆ ಷೇರು ಏನಾಗಬೇಕು? ಬರೆದ ಕೋಡ್ ಯಾರದ್ದು? ಉತ್ತರವನ್ನು ವಕೀಲರಿಂದ ಬರೆಸಿ, ಇಬ್ಬರೂ ಸಹಿ ಹಾಕಿ. ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಅವನು ಮುನಿಸಿಕೊಂಡರೆ, ಅವನಿಗೆ ಹಾಕುವ ಷರತ್ತೇ ನಿಮಗೂ ಇದೆ ಅಂತ ತೋರಿಸಿ. ಆಮೇಲೂ ಒಪ್ಪದಿದ್ದರೆ ಅವನ ಜೊತೆ ಕಂಪನಿ ಮಾಡಬೇಡಿ.